ಸಾಮಾನಿನ ಟೆಂಪೊದಲ್ಲಿ ನಾಲ್ಕು ಮಂಚ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಏಳನೆಯ ತರಗತಿ ಮುಗಿಸಿ ಊರಿನಿಂದ ರೈಲು ಹತ್ತಿದವರು ನಾವು. ಭಾಷಣ ಮಾಡಿ ರೂಢಿಯಿಲ್ಲ. ಆದರೆ ಎರಡು ಮೂರು ತಿಂಗಳಿಂದ ಕಚೇರಿಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ: "ಹಳೆಯ ಟೆಂಪೊ ಕೊಂಡು ಅದರೊಳಗೆ ಮನೆ ಕಟ್ಟಿದ್ದೀರಂತೆ, ಹೌದೇ ಮಾರಾಯರೇ?" ಮನೆಯಲ್ಲ, ಮಲಗುವ ಜಾಗ. ಅದರ ವಿಷಯ ಒಮ್ಮೆ ಎಲ್ಲರ ಎದುರು ಹೇಳಿಬಿಡಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟರು.

ಹೋಟೆಲಿನ ಕೆಲಸ ಬಿಟ್ಟ ನಮ್ಮವರಲ್ಲಿ ಅನೇಕರು ಈಗ ಮದುವೆಯ ಅಡಿಗೆಗೆ ಹೋಗುತ್ತಾರೆ. ಇಂದು ಮಾಟುಂಗ, ನಾಳೆ ಮುಲುಂದ, ನಾಡಿದ್ದು ಡೊಂಬಿವಲಿ. ಹಿಂದಿನ ರಾತ್ರಿ ತರಕಾರಿ ಹೆಚ್ಚಿ, ತೆಂಗಿನಕಾಯಿ ತುರಿದು ಮುಗಿಸುವಾಗ ಹನ್ನೆರಡು ಗಂಟೆ. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಬೇಕು. ನಡುವಿನ ಆ ನಾಲ್ಕು ಗಂಟೆ ಎಲ್ಲಿ ಒರಗಬೇಕು? ಹಾಲಿನ ಜಮಖಾನದ ಮೇಲೆ ಮಲಗಿದರೆ ಕಾವಲುಗಾರ ಎಬ್ಬಿಸುತ್ತಾನೆ. ಉಳಿದದ್ದು ಕೋಸಿನ ಗೋಣಿಯ ಪಕ್ಕ, ಇಲ್ಲವೇ ಫುಟ್‌ಪಾತು. ಗಿರಣಿಯ ಹಿರಿಯರು ಒಂದೇ ಕೋಣೆಯಲ್ಲಿ ಪಾಳಿಗೆ ಪಾಳಿ ಮಲಗಿದವರು. ಒಬ್ಬ ಎದ್ದು ಹೋದ ಚಾಪೆಯ ಮೇಲೆ ಇನ್ನೊಬ್ಬ ಬಂದು ಉರುಳುತ್ತಿದ್ದ. ಹೋಟೆಲಿನವರು ಮೇಜು ಜೋಡಿಸಿ ಮಲಗಿದವರು. ಅದೆಲ್ಲ ಹಳೆಯ ಕಾಲದ ಕತೆಯೆಂದು ತಿಳಿಯಬೇಡಿ.

ಗೋರೆಗಾಂವ್ ಫಿಲ್ಮ್ ಸಿಟಿಯ ಕಡೆ ಹೋದವರು ನಟನಟಿಯರ ವ್ಯಾನಿಟಿ ವ್ಯಾನುಗಳನ್ನು ಕಂಡಿರಬಹುದು. ಮಂಚ, ಕನ್ನಡಿ, ತಣ್ಣನೆಯ ಗಾಳಿ ಎಲ್ಲವೂ ಚಕ್ರದ ಮೇಲೆ. ಪ್ರವಾಸಿಗರ ಕ್ಯಾರವಾನುಗಳಿಗಾಗಿ ಮಹಾರಾಷ್ಟ್ರ ಸರಕಾರ ೨೦೨೧ರಲ್ಲಿ ಒಂದು ನೀತಿಯನ್ನೇ ಮಾಡಿತು. ಮೋಜಿಗೆ ಹೊರಟವನಿಗೆ ಆಗುವುದಾದರೆ ದುಡಿಯಲು ಹೊರಟವನಿಗೆ ಏಕಾಗಬಾರದು ಎಂದು ನಾವು ಎಂಟು ಮಂದಿ ಸೇರಿ, ಚೀಟಿಯ ಹಣ ಎತ್ತಿ, ಕುರ್ಲಾದಲ್ಲಿ ಒಂದು ಬಂದ್ ಬಾಡಿ ಟೆಂಪೊ ಕೊಂಡೆವು. ಹಿಂದೆ ಅದು ಬಿಸ್ಕತ್ತಿನ ಡಬ್ಬ ಸಾಗಿಸುತ್ತಿತ್ತಂತೆ. ಮೊದಲ ಮಳೆಗಾಲದಲ್ಲಿ ವಾಸನೆಯೇ ಹೇಳಿತು.

ಕೊಳ್ಳುವಾಗ ಬಣ್ಣ ನೋಡಬೇಡಿ. ತಳದ ಚಾಸಿಗೆ ತುಕ್ಕು ತಿಂದಿದೆಯೇ ನೋಡಿ, ಹಗಲಿನಲ್ಲಿ ಒಳಗೆ ನಿಂತು ಬಾಗಿಲು ಮುಚ್ಚಿಸಿ ತಗಡಿನಲ್ಲಿ ಬೆಳಕು ಬರುವ ತೂತುಗಳಿವೆಯೇ ನೋಡಿ, ಆಮೇಲೆ ಆರ್.ಸಿ., ವಿಮೆ, ಫಿಟ್‌ನೆಸ್ ನೋಡಿ. ಇನ್ನೊಂದು ಮಾತು. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿ ಬರೆದದ್ದಕ್ಕೆ ಹೊಂದದ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮಾಲಕನಿಗೆ ಅಧಿಕಾರವಿಲ್ಲ. "ಮೊದಲು ಕೊರೆಯಿರಿ, ಕಾಗದ ಆಮೇಲೆ ನೋಡೋಣ" ಎಂದು ಒಬ್ಬ ದಲ್ಲಾಳಿ ಹೇಳಿದ. ನಾವು ಕೇಳಲಿಲ್ಲ. ನಕ್ಷೆ ಬರೆಸಿ, ಆರ್.ಟಿ.ಓ.ಗೆ ಅರ್ಜಿ ಕೊಟ್ಟು, ಒಪ್ಪಿಗೆ ಕೈಗೆ ಬಂದ ಮೇಲೆಯೇ ಕಿಟಕಿ ಕೊರೆಸಿದೆವು. ತಿಂಗಳುಗಟ್ಟಲೆ ಗಾಡಿ ಸುಮ್ಮನೆ ನಿಂತಿತು. ಎಂಟು ಮನೆಗಳಲ್ಲಿಯೂ ಬೈಗುಳ ತಿಂದೆವು. ಮಲಗುವುದು ಗಾಡಿ ನಿಂತಾಗ ಮಾತ್ರ. ಓಡುವಾಗ ಡಬ್ಬದೊಳಗೆ ಯಾರೂ ಇರಕೂಡದು. ಹುಡುಗರು ಲೋಕಲ್ ರೈಲಿನಲ್ಲಿಯೇ ಬರುತ್ತಾರೆ.

ಡಬ್ಬದ ಅಳತೆ ಹತ್ತು ಅಡಿ ಉದ್ದ, ಆರು ಅಡಿ ಅಗಲ. ಎರಡೂ ಬದಿಗೆ ಎರಡೆರಡು ಅಡಿಯ ಮಂಚ, ರೈಲಿನಂತೆ ಕೆಳಗೊಂದು ಮೇಲೊಂದು. ನಡುವೆ ಎರಡು ಅಡಿ ದಾರಿ. ಆರು ಅಡಿ ಮಂಚಕ್ಕೆ ಹೋದರೆ ಉಳಿದ ನಾಲ್ಕು ಅಡಿಯಲ್ಲಿ ಟ್ರಂಕು, ಬಟ್ಟೆಯ ಗೂಟ, ನೀರಿನ ಪೀಪಾಯಿ. ಇನ್ನೂರು ಲೀಟರಿನ ಪೀಪಾಯಿ ಇಡೋಣವೆಂದು ಒಬ್ಬರು ಹಟ ಹಿಡಿದರು. ಇನ್ನೂರು ಲೀಟರೆಂದರೆ ಇನ್ನೂರು ಕಿಲೊ, ಅದೂ ಹಿಂದಿನ ಚಕ್ರದಿಂದ ಆಚೆಗೆ. ಐವತ್ತಕ್ಕೆ ಒಪ್ಪಿಸಿದೆವು.

ತಗಡಿನ ಡಬ್ಬ ಮುಂಬಯಿಯ ಬಿಸಿಲಿನಲ್ಲಿ ಇಡ್ಲಿ ಅಟ್ಟದಂತೆ ಬೇಯುತ್ತದೆ. ಅಗ್ಗವೆಂದು ಹಲವರು ಒಳಗೆ ಥರ್ಮೋಕೋಲು ಅಂಟಿಸುತ್ತಾರೆ. ಅದು ಬೆಂಕಿ ಬಿದ್ದರೆ ಕರಗಿ ಉರಿಯುವ ವಸ್ತು, ಹೊಗೆಯೂ ವಿಷ. ನಾವು ರಾಕ್‌ವೂಲ್ ತುಂಬಿಸಿ, ಮೇಲೆ ಪ್ಲೈವುಡ್ ಹೊಡೆಸಿದೆವು. ಆಚಾರಿ ನಮ್ಮ ಕಾಪುವಿನ ಕಡೆಯವನೇ, ಕೂಲಿ ಅರ್ಧ ಹಿಡಿದ. ಮಾಡಿಗೆ ಬಿಳಿ ಬಣ್ಣ. ಗಾಳಿಗೆ ಎದುರುಬದುರು ಎರಡು ಕಿಟಕಿ, ಸೊಳ್ಳೆಯ ಜಾಳಿ, ನಾಲ್ಕು ಸಣ್ಣ ಫ್ಯಾನು. ಒಂದು ಫ್ಯಾನಿಗೆ ಹದಿನೈದು ವಾಟಿನಂತೆ ಆರು ಗಂಟೆಗೆ ನಾಲ್ಕಕ್ಕೂ ೩೬೦ ವಾಟ್-ಗಂಟೆ. ೧೨ ವೋಲ್ಟು, ೧೦೦ ಆಂಪಿಯರಿನ ಒಂದು ಬ್ಯಾಟರಿ ಅರ್ಧದಷ್ಟೂ ಇಳಿಯುವುದಿಲ್ಲ. ಅದು ಇಂಜಿನಿನದಲ್ಲ, ಬೇರೆಯೇ ಬ್ಯಾಟರಿ.

ಬ್ಯಾಟರಿ ಬೇಡ, ಹಾಲಿನ ಜನರೇಟರಿನಿಂದಲೇ ತಂತಿ ಎಳೆದು ಗಾಡಿಯನ್ನು ಅದರ ಪಕ್ಕದಲ್ಲೇ ನಿಲ್ಲಿಸೋಣ ಎಂದವರಿದ್ದರು. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿಗೆ ನಿಲ್ಲಿಸಿದ್ದ ಒಂದು ಕ್ಯಾರವಾನಿನಲ್ಲಿ ಇಬ್ಬರು ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಗಾಡಿಯ ಜನರೇಟರಿನ ಕಾರ್ಬನ್ ಮೋನಾಕ್ಸೈಡ್ ಒಳಕ್ಕೆ ಸೇರಿತ್ತೆಂದು ತಪಾಸಣೆಯಲ್ಲಿ ತಿಳಿಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಅಡಿಗೆಯ ಗ್ಯಾಸಾದರೋ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿಯೇ ಕೂರುತ್ತದೆ, ಕೆಳಗಿನ ಮಂಚದವನ ಮೂಗಿನ ಮಟ್ಟಕ್ಕೆ. ಆದ್ದರಿಂದ ಹತ್ತೊಂಬತ್ತು ಕಿಲೊದ ಸಿಲಿಂಡರಿಗೆ ನಮ್ಮ ಟೆಂಪೊದಲ್ಲಿ ಜಾಗವಿಲ್ಲ, ಖಾಲಿಯದಕ್ಕೂ ಇಲ್ಲ.

ಇಷ್ಟೆಲ್ಲ ಜಾಣತನ ಮಾಡಿಯೂ ಒಂದನ್ನು ನಾವು ಕಾಣಲಿಲ್ಲ. ಸಾಮಾನಿನ ಗಾಡಿಯ ಚಿಲಕ ಇರುವುದು ಹೊರಗೆ. ಬಿಸ್ಕತ್ತಿನ ಡಬ್ಬ ಒಳಗಿನಿಂದ ಬಾಗಿಲು ತೆರೆಯುವುದಿಲ್ಲವಷ್ಟೇ! ಕಿಟಕಿಗೋ ಕಳ್ಳರ ಭಯದಿಂದ ಸರಳು ಹಾಕಿಸಿದ್ದೆವು. ಒಂದು ರಾತ್ರಿ, ಉಪನಗರದ ಒಂದು ಹಾಲಿನ ಹಿಂದೆ, ಇಬ್ಬರು ಹುಡುಗರು ಒಳಗೆ ಮಲಗಿದ್ದರು. ನಮ್ಮವನೇ ಒಬ್ಬ ದಾಟಿಹೋಗುತ್ತ, ಟೆಂಪೊದ ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ರೂಢಿಯಂತೆ ಚಿಲಕ ಜಡಿದು ಹೋದ. ಮೂರೂವರೆಗೆ ಹುಡುಗರು ಎದ್ದು ತಳ್ಳಿದರು, ತಗಡು ಬಡಿದರು, ಕೂಗಿದರು. ಅಡಿಗೆಮನೆ ಹಾಲಿನ ಮುಂಬದಿಗೆ. ಅಲ್ಲಿ ರುಬ್ಬುವ ಯಂತ್ರದ ಸದ್ದು. ಈರುಳ್ಳಿ ಹೆಚ್ಚುವವರು ಬರಲಿಲ್ಲವೆಂದು ಬೈಯುತ್ತ ಭಟ್ಟರು ಹುಡುಕಿಕೊಂಡು ಬಂದಾಗ ನಾಲ್ಕೂಕಾಲು. ಯಾರಿಗೂ ಏಟಾಗಲಿಲ್ಲ. ಆದರೆ ಆ ನಲವತ್ತೈದು ನಿಮಿಷದಲ್ಲಿ ಒಂದು ಕಿಡಿ ಹಾರಿದ್ದರೆ ಎಂದು ನೆನೆದರೆ ಇಂದಿಗೂ ನಮ್ಮ ಎದೆ ನಡುಗುತ್ತದೆ. ಮರುದಿನವೇ ಹೊರಗಿನ ಚಿಲಕ ಕೀಳಿಸಿ ಒಳಗೆ ಹಾಕಿಸಿದೆವು. ಒಂದು ಕಿಟಕಿಯ ಸರಳು ತೆಗೆಸಿ, ಒಳಗಿನಿಂದ ತಳ್ಳಿದರೆ ಪೂರ್ತಿ ತೆರೆಯುವಂತೆ ಮಾಡಿಸಿದೆವು. ಆ ಇಬ್ಬರಲ್ಲಿ ಒಬ್ಬ ಮತ್ತೆ ಒಳಗೆ ಮಲಗಲೇ ಇಲ್ಲ. ಈಗಲೂ ಗಾಡಿಯ ಹೊರಗೆ, ಫುಟ್‌ಪಾತಿನಲ್ಲಿಯೇ ಚಾಪೆ ಹಾಸುತ್ತಾನೆ. ನಾವು ಒತ್ತಾಯಿಸುವುದಿಲ್ಲ.

ಕೊನೆಗೆ ಸಂಘದವರಾಗಿ ಒಂದು ಮಾತು. ಕಳೆದ ತಿಂಗಳು ಒಬ್ಬ ಕಂತ್ರಾಟುದಾರರು, "ನಿಮ್ಮ ಹತ್ತಿರ ಟೆಂಪೊ ಇದೆಯಲ್ಲ, ಇನ್ನು ಹಾಲಿನವರ ಹತ್ತಿರ ಕೋಣೆ ಕೇಳುವುದೇಕೆ?" ಎಂದರು. ನಗುತ್ತಲೇ ಅಂದದ್ದು. ನಾವು ನಗಲಿಲ್ಲ. ಟೆಂಪೊದಲ್ಲಿ ಮಲಗುವವರು ನಾಲ್ವರು, ದೊಡ್ಡ ಮದುವೆಗೆ ಹೋಗುವವರು ಇಪ್ಪತ್ತು ಮಂದಿ. ಹೆಂಗಸರೂ ಇದ್ದಾರೆ, ಅವರಿಗೆ ಇದು ಯಾವ ಉಪಯೋಗಕ್ಕೂ ಇಲ್ಲ. ಶೌಚದ ಏರ್ಪಾಡೂ ಇದರಲ್ಲಿಲ್ಲ. ಆದ್ದರಿಂದ ಕೆಲಸ ಒಪ್ಪುವ ಮೊದಲು ಕೋಣೆ ಕೇಳುವುದನ್ನು ನಾವು ನಿಲ್ಲಿಸಿಲ್ಲ, ನೀವೂ ನಿಲ್ಲಿಸಬೇಡಿ.

ಆಷಾಢದಲ್ಲಿ ಮದುವೆಗಳಿಲ್ಲ. ಆ ತಿಂಗಳು ಪೂರ್ತಿ ಗಾಡಿ ಚೆಂಬೂರಿನಲ್ಲಿ ನಿಂತಿರುತ್ತದೆ. ನೋಡಬೇಕೆನ್ನುವವರು ಕಚೇರಿಯಲ್ಲಿ ಹೇಳಿ ಬನ್ನಿ. ಅಳತೆಯ ನಕ್ಷೆಯ ಪ್ರತಿಯೂ ಅಲ್ಲಿದೆ. ಚಿಲಕದ ಜಾಗವನ್ನು ಅದರಲ್ಲಿ ಕೆಂಪು ಶಾಯಿಯಿಂದ ತಿದ್ದಿದ್ದೇವೆ.