ಒಂದು ಕಿವಿ ಮಂದವಾದರೆ ಉದಾಸೀನ ಬೇಡ
(ಗ್ರಾಮದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಪೇಟೆಯ ಧಾರಣೆ ತಿಳಿಯಲು, ದೂರದ ಮಕ್ಕಳೊಡನೆ ಮಾತನಾಡಲು ಮೊಬೈಲು ಈಗ ನಮಗೆಲ್ಲ ಬೇಕಾಗಿದೆ. ಆದರೆ ಅದನ್ನು ಕಿವಿಗಿಟ್ಟರೆ ತಲೆಯಲ್ಲಿ ಗಡ್ಡೆ ಬೆಳೆಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ.

ಕಿವಿಯಿಂದ ಮೆದುಳಿಗೆ ಒಂದು ನರ ಹೋಗುತ್ತದೆ. ಶಬ್ದ ತಿಳಿಯುವುದೂ ದೇಹ ಓಲಾಡದೆ ನಿಲ್ಲುವುದೂ ಅದರಿಂದಲೇ. ಬಹು ಅಪರೂಪವಾಗಿ ಆ ನರದ ಹೊದಿಕೆಯಲ್ಲಿ ಗಡ್ಡೆ ಹುಟ್ಟುತ್ತದೆ. ವೈದ್ಯರು ಇದನ್ನು ಅಕೌಸ್ಟಿಕ್ ನ್ಯೂರೋಮ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ; ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಆದರೂ ತೀರ ದೊಡ್ಡದಾದರೆ ಮೆದುಳನ್ನು ಒತ್ತಿ ಪ್ರಾಣಕ್ಕೆ ಅಪಾಯ ತರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2011ರಲ್ಲಿ ಮೊಬೈಲಿನ ಅಲೆಗಳನ್ನು ಕ್ಯಾನ್ಸರ್ ತರಬಹುದೆಂಬ ಸಂಶಯದ ಪಟ್ಟಿಗೆ ಸೇರಿಸಿತು. ಆಗ ಇದ್ದ ಪುರಾವೆ ಅಲ್ಪ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ಪರಿಶೀಲನೆಯಲ್ಲಿ, ಮೊಬೈಲಿನಿಂದ ಈ ಗಡ್ಡೆ ಹೆಚ್ಚುವ ಸಂಭವ ಕಾಣಲಿಲ್ಲ.

ನಿಜವಾಗಿ ನೋಡಿದರೆ ಮೊಬೈಲು ಈ ರೋಗವನ್ನು ಬೇಗ ತೋರಿಸಿಕೊಡಬಲ್ಲುದು. ಎದುರೆದುರು ಮಾತನಾಡುವಾಗ ಒಂದು ಕಿವಿಯ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಫೋನಿನಲ್ಲಿ ಒಂದೇ ಕಿವಿಯಿಂದ ಕೇಳಬೇಕು, ಕೊರತೆ ಹೊರಬೀಳುತ್ತದೆ. ಆದುದರಿಂದ ಆಗಾಗ ಫೋನನ್ನು ಎರಡೂ ಕಿವಿಗಳಿಗೆ ಬದಲಿಸಿ ಕೇಳಿ ನೋಡಿರಿ.

ಈ ಲಕ್ಷಣಗಳನ್ನು ನೆನಪಿಡಿರಿ:

1. ಒಂದೇ ಕಿವಿ ದಿನೇ ದಿನೇ ಮಂದವಾಗುವುದು. ಧ್ವನಿ ಕೇಳಿಸಿದರೂ ಮಾತು ಅರ್ಥವಾಗದಿರುವುದು.
2. ಒಂದೇ ಕಿವಿಯಲ್ಲಿ ಬಿಡದೆ ಗುಂಯ್‌ಗುಡುವುದು.
3. ನಡೆಯುವಾಗ ತೂರಾಡುವುದು, ಮುಖದ ಒಂದು ಪಕ್ಕ ಜೋಮು ಹಿಡಿದಂತಾಗುವುದು.

ಇವು ಕಂಡ ಮಾತ್ರಕ್ಕೆ ಗಡ್ಡೆಯೆಂದು ಹೆದರಬೇಡಿರಿ. ಕಿವಿ ಮಂದವಾಗಲು ಹೆಚ್ಚಾಗಿ ಗುಗ್ಗೆ, ಸೋಂಕು, ವಯಸ್ಸು ಅಥವಾ ಯಂತ್ರಗಳ ಸದ್ದು ಕಾರಣ. ಹಾಗೆಂದು ಎಣ್ಣೆ ಬಿಟ್ಟುಕೊಂಡು ಕಾಲ ಕಳೆಯುವುದೂ ಸಲ್ಲದು. ಕಿವಿ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡಿದೆ. ಒಂದು ಕಿವಿ ಥಟ್ಟನೆ ಕೇಳಿಸದೆ ಹೋದರೆ ಮಾತ್ರ ಅದೇ ದಿನ ಹೊರಡಿರಿ.

ಸಂಶಯವಿದ್ದರೆ ವೈದ್ಯರು ಎಂ.ಆರ್.ಐ. ಚಿತ್ರ ತೆಗೆಸುತ್ತಾರೆ. ಗಡ್ಡೆ ಚಿಕ್ಕದಿದ್ದರೆ ಅನೇಕ ವೇಳೆ ಕಾಲಕಾಲಕ್ಕೆ ಚಿತ್ರ ತೆಗೆದು ನೋಡುತ್ತಿದ್ದರೆ ಸಾಕು. ಬೆಳೆಯುತ್ತಿದ್ದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಉಂಟು. ಮುಖವನ್ನು ಆಡಿಸುವ ನರ ಈ ಗಡ್ಡೆಯ ಮಗ್ಗುಲಲ್ಲೇ ಇದೆ. ಗಡ್ಡೆ ಚಿಕ್ಕದಿದ್ದಾಗ ಆ ನರವನ್ನು ಉಳಿಸುವುದು ಸುಲಭ, ದೊಡ್ಡದಾದ ಮೇಲೆ ಕಷ್ಟ.

ಪೈರಿಗೆ ರೋಗ ತಗಲಿದಾಗ ಮೊದಲ ಎಲೆಯಲ್ಲೇ ಗುರುತಿಸುವ ನೀವು, ನಿಮ್ಮ ಕಿವಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಕೆಂದು ಕೋರುತ್ತೇನೆ. ಮನೆಯ ಹಿರಿಯರಿಗೂ ಈ ಮಾತು ತಿಳಿಸಿರಿ.