ಸಲ್ಫಾ ಔಷಧಿ: ಕೆಲಸ ಮಾಡುವ ಬಗೆ, ಬಳಸುವ ಬಗೆ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿ, ದ್ರಾಕ್ಷಿಗಳ ಜೊತೆಗೆ ಹಸು ಮತ್ತು ಕೋಳಿಗಳೂ ಸಂಸಾರಕ್ಕೆ ಆಧಾರವಾಗಿವೆ. ಇಲ್ಲಿನ ಹಾಲು, ಮೊಟ್ಟೆ, ಮಾಂಸ ಬಹುಬೇಗ ಬೆಂಗಳೂರಿನ ಮನೆಗಳನ್ನು ಸೇರುತ್ತವೆ. ಆದ್ದರಿಂದ ಕೊಟ್ಟಿಗೆಯಲ್ಲಿ ಕೊಟ್ಟ ಔಷಧಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ತಿಳಿಯುವುದು ಅಗತ್ಯ.

ಸಲ್ಫಾ ಹಳೆಯ ಔಷಧಿ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಅವರು ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವಿನ ರೋಗಾಣು ತಡೆಯುವ ಗುಣವನ್ನು 1935ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್ ಬಳಕೆಗೆ ಬಂದದ್ದು ಆ ಮೇಲೆ.

ರೋಗಾಣು ಬೆಳೆದು ಎರಡಾಗಲು ಫೋಲಿಕ್ ಆಮ್ಲ ಬೇಕು. ಹಸು, ಕೋಳಿ, ಮನುಷ್ಯರಿಗೆ ಇದು ಸಿದ್ಧವಾಗಿಯೇ ದೊರೆಯುತ್ತದೆ. ಅನೇಕ ರೋಗಾಣುಗಳು ಮಾತ್ರ ಪ್ಯಾರಾ ಅಮೈನೊ ಬೆಂಜೋಯಿಕ್ ಆಮ್ಲವೆಂಬ ಕಚ್ಚಾ ವಸ್ತುವಿನಿಂದ ತಾವೇ ತಯಾರಿಸಿಕೊಳ್ಳಬೇಕು. ಸಲ್ಫಾ ಈ ಕಚ್ಚಾ ವಸ್ತುವನ್ನೇ ಹೋಲುತ್ತದೆ. ಬೀಸುವ ಕಲ್ಲಿಗೆ ರಾಗಿಯ ಬದಲು ರಾಗಿಯ ಗಾತ್ರದ ಮರಳು ಬಿದ್ದರೆ ಹಿಟ್ಟು ಬಾರದಂತೆ, ರೋಗಾಣುವಿನ ಬೆಳವಣಿಗೆ ನಿಲ್ಲುತ್ತದೆ. ಆದರೆ ಅದು ಸಾಯುವುದಿಲ್ಲ. ಉಳಿದ ಕೆಲಸವನ್ನು ಪ್ರಾಣಿಯ ರೋಗನಿರೋಧಕ ಶಕ್ತಿಯೇ ಮುಗಿಸಬೇಕು.

ಬಳಕೆಯ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಮರಳಿಗಿಂತ ರಾಗಿ ಹೆಚ್ಚಾದರೆ ಕಲ್ಲು ಮತ್ತೆ ಬೀಸುತ್ತದೆ! ಅದಕ್ಕಾಗಿಯೇ ಹಲವು ಸಲ್ಫಾಗಳನ್ನು ಮೊದಲ ದಿನ ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಮುಂದೆ ಕಡಿಮೆ ಮಾಡುತ್ತಾರೆ. ಕೀವಿನಲ್ಲಿ ಆ ಕಚ್ಚಾ ವಸ್ತು ಧಾರಾಳವಾಗಿರುವುದರಿಂದ ಕೀವು ತುಂಬಿದ ಗಾಯವನ್ನು ತೊಳೆಯದೆ ಸಲ್ಫಾ ಪುಡಿ ಉದುರಿಸಿದರೆ ಹಣ ದಂಡ. ಹಸು ಎರಡನೆಯ ದಿನವೇ ಮೇವು ಮುಟ್ಟಿತೆಂದು ಔಷಧಿ ನಿಲ್ಲಿಸಿದರೆ ಅರೆಜೀವವಾಗಿದ್ದ ರೋಗಾಣುಗಳು ಮತ್ತೆ ಬೆಳೆಯುತ್ತವೆ. ಔಷಧಿಗೆ ಬಗ್ಗದ ತಳಿಗಳು ಹೆಚ್ಚುವುದೂ ಇಂತಹ ಅರೆಬರೆ ಬಳಕೆಯಿಂದಲೇ. ಎಷ್ಟು ದಿನ ಕೊಡಬೇಕೆಂಬುದನ್ನು ಪಶುವೈದ್ಯರೇ ಹೇಳಬೇಕು. ನೆರೆಯವರ ಮನೆಯಲ್ಲಿ ಉಳಿದ ಮಾತ್ರೆ ತಂದು ನುಂಗಿಸುವುದು ಚಿಕಿತ್ಸೆಯಲ್ಲ.

ಕೋಳಿಮರಿಗಳ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ರೋಗಕ್ಕೆ ಸಲ್ಫಾವನ್ನು ನೀರಿನಲ್ಲಿ ಬೆರೆಸಿ ಕೊಡುವುದುಂಟು. ಇಲ್ಲೊಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೋಳಿ ಹೆಚ್ಚು ನೀರು ಕುಡಿಯುವುದರಿಂದ ಔಷಧಿಯೂ ಹೆಚ್ಚಾಗಿ ಒಳಹೋಗುತ್ತದೆ. ಸಲ್ಫಾಕ್ವಿನಾಕ್ಸಲಿನ್‌ನಂತಹವು ಮಿತಿ ಮೀರಿದರೆ ಅದರಿಂದಲೇ ರಕ್ತಸ್ರಾವವಾಗುತ್ತದೆ. ರೋಗ ವಾಸಿಯಾಗಿಲ್ಲವೆಂದು ಭಾವಿಸಿ ಮತ್ತಷ್ಟು ಬೆರೆಸಿದರೆ ಮರಿಗಳು ಉಳಿಯುವುದು ಕಷ್ಟ. ಒದ್ದೆ ಹಾಸಿನಲ್ಲಿರುವ ರೋಗದ ಮೊಟ್ಟೆಗಳನ್ನು ಔಷಧಿ ಮುಟ್ಟುವುದೇ ಇಲ್ಲ. ಹಾಸನ್ನು ತಿರುವಿ ಒಣಗಿಸಲೇಬೇಕು.

ಹಸುವಿಗೆ ಸಲ್ಫಾ ಕೊಡುವಾಗ ಬಾನಿಯಲ್ಲಿ ಸದಾ ನೀರಿರಲಿ. ನೀರು ಸಾಲದಿದ್ದರೆ ಔಷಧಿ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು.

ಇನ್ನು ಹಾಲಿನ ಮಾತು. ಸಲ್ಫಾ ಕೆಚ್ಚಲಿಗೂ ಇಳಿಯುತ್ತದೆ. ಹಾಲು ಕಾಯಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಸಂಘದ ಡೇರಿಯಲ್ಲಿ ಒಂದು ಹಸುವಿನ ಹಾಲು ಇಡೀ ಊರಿನ ಹಾಲಿಗೆ ಬೆರೆಯುತ್ತದೆ. ಸಲ್ಫಾ ಒಗ್ಗದವರಿಗೆ ಮೈಮೇಲೆ ದದ್ದು ಏಳುವ ಸಂಭವವೂ ಉಂಟು. ಕೊನೆಯ ಬಾರಿ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕಾಯಬೇಕೆಂಬುದನ್ನು ಸೀಸೆಯ ಚೀಟಿಯಲ್ಲಿ ನೋಡಬೇಕು. ಕೇಂದ್ರ ಸರ್ಕಾರ 2012ರಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಪ್ರತ್ಯೇಕವಾಗಿ ನಿಗದಿಯಾಗದ ಔಷಧಿಗಳಿಗೆ ಹಾಲು, ಮೊಟ್ಟೆಗಾದರೆ ಕನಿಷ್ಠ 7 ದಿನ, ಮಾಂಸಕ್ಕಾದರೆ ಕನಿಷ್ಠ 28 ದಿನ ಕಾಯಬೇಕು. ಏಳು ದಿನದ ಹಾಲು ಬಿಡುವುದು ಸಣ್ಣ ನಷ್ಟವಲ್ಲ, ನಿಜ. ಮೊಟ್ಟೆಯಿಡುವ ಕೋಳಿಗಳಿಗಂತೂ ಸಲ್ಫಾ ಬೇಡವೆನ್ನುವುದೇ ಲೇಸು.

ಗೊಬ್ಬರದ ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಔಷಧಿಯ ಒಂದು ಪಾಲು ಸಗಣಿ, ಗಂಜಲ, ಹಿಕ್ಕೆಗಳ ಮೂಲಕ ಹೊರಬರುತ್ತದೆ. ಸಲ್ಫಾಗಳು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲವಾದ್ದರಿಂದ ಮಳೆನೀರಿನೊಡನೆ ಕೆಳಗಿಳಿಯಬಲ್ಲವು. ಔಷಧಿ ಕೊಟ್ಟ ತಂಡದ ಕೋಳಿಗೊಬ್ಬರವನ್ನು ಹಸಿಯಾಗಿಯೇ ಸೊಪ್ಪಿನ ಮಡಿಗಾಗಲಿ ದ್ರಾಕ್ಷಿ ತೋಟಕ್ಕಾಗಲಿ ಹಾಕಬಾರದು. ಬಾವಿಯಿಂದ ದೂರದಲ್ಲಿ ರಾಶಿ ಹಾಕಿ, ತೇವ ಕಾಯ್ದು, ಒಳಗೆ ಕಾವೇರಿದಾಗ ಆಗಾಗ ತಿರುವಿ, ಚೆನ್ನಾಗಿ ಕಳಿತ ಮೇಲೆಯೇ ಹೊಲಕ್ಕೆ ಸಾಗಿಸಬೇಕು. ಕಳಿಯುವಾಗ ಔಷಧಿಯ ಅಂಶ ಬಹುಮಟ್ಟಿಗೆ ಕುಗ್ಗುತ್ತದೆ.