ಅಂಜೂರದೊಳಗಿನ ಕಣಜ

1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರೈತರು ಟರ್ಕಿಯ ಸ್ಮಿರ್ನಾ ಅಂಜೂರದ ಕಡ್ಡಿಗಳನ್ನು ತರಿಸಿ ನೆಟ್ಟರು. ಗಿಡಗಳು ಹುಲುಸಾಗಿ ಬೆಳೆದವು, ಕಾಯಿಯೂ ಕಚ್ಚಿತು. ಆದರೆ ಹಣ್ಣಾಗುವ ಮೊದಲೇ ಎಲ್ಲ ಉದುರಿಹೋಯಿತು.

ಸ್ಮಿರ್ನಾದ ರೈತರು ಕಾಡು ಅಂಜೂರದ ಕಾಯಿಗಳನ್ನು ಪೋಣಿಸಿ ತಮ್ಮ ಮರಗಳಿಗೆ ತೂಗುಹಾಕುತ್ತಿದ್ದರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದವರಿದ್ದರು. ಗುಟ್ಟೆಲ್ಲ ಇದ್ದದ್ದು ಆ ಸರದಲ್ಲೇ!

ಅಂಜೂರದ ಕಾಯಿಯೆಂದರೆ ನೂರಾರು ಹೂಗಳನ್ನು ಒಳಗೇ ಬಚ್ಚಿಟ್ಟುಕೊಂಡ ಗೊಂಚಲು. ತುದಿಯಲ್ಲೊಂದು ಕಿರಿದಾದ ಬಾಯಿ. ಸುಮಾರು ಎರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಅಲ್ಲಿ ನುಸುಳುವಾಗ ರೆಕ್ಕೆಗಳನ್ನೇ ಕಳೆದುಕೊಳ್ಳುತ್ತದೆ. ಕಾಡು ಅಂಜೂರದ ಗಿಡ್ಡ ಹೂಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಅಲ್ಲೇ ಉಂಡು ಬೆಳೆಯುತ್ತವೆ. ಗಂಡಿಗೆ ರೆಕ್ಕೆಯೇ ಇಲ್ಲ. ಹೊಸ ಹೆಣ್ಣುಗಳು ಮೈಗೆ ಪರಾಗ ಮೆತ್ತಿಕೊಂಡು ಹೊರಬೀಳುತ್ತವೆ.

ಹಾಗೆ ಹೊರಟ ಕಣಜ ಸ್ಮಿರ್ನಾ ಕಾಯಿಯನ್ನು ಹೊಕ್ಕರೆ ಅದರ ಪಾಡು ಮರುಕ ಹುಟ್ಟಿಸುವಂಥದ್ದು. ಅಲ್ಲಿನ ಹೂಗಳ ಶಲಾಕೆ (ಅಂಡಾಶಯದ ಮೇಲಿನ ಕೊಳವೆ) ಉದ್ದ, ಮೊಟ್ಟೆಯಿಡಲಾಗದು. ತಂದ ಪರಾಗವನ್ನು ಒಪ್ಪಿಸಿ ಒಳಗೇ ಸಾಯುತ್ತದೆ. ಕಾಯಿ ಮಾತ್ರ ಉದುರದೆ ನಿಂತು ಹಣ್ಣಾಗುತ್ತದೆ.

1899ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದ ತೋಟದಲ್ಲಿ ಈ ಕಣಜ ನೆಲೆಯೂರಿತು. ಸ್ಮಿರ್ನಾ ಮರಗಳು ಕೊನೆಗೂ ಫಲಕೊಟ್ಟವು. ಅಂಜೂರದ ಬಂಧುಗಳಾದ ಕರ್ನಾಟಕದ ಅತ್ತಿ, ಆಲ, ಅರಳಿಗಳಿಗೂ ಅವುಗಳದೇ ಕಣಜಗಳಿವೆ. ಆಲದ ಕಣಜ ಬಹುಮಟ್ಟಿಗೆ ಆಲವನ್ನೇ ಹುಡುಕಿ ಹೋಗುತ್ತದೆ.